ಯಾರ ಜಾಗದಿಂದ ನೋಡುವುದು: ನೇತ್ರದಾನದ ಪೋಸ್ಟರಿನಲ್ಲಿ ‘ಅನ್‌ಕ್ಯಾನಿ’, ಒಂದು ವಿದ್ಯಾರ್ಥಿ ಯೋಜನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ದಾವಣಗೆರೆಯ ಕಾಲೇಜೊಂದರಲ್ಲಿ ವಿನ್ಯಾಸ ಕಲಿಯುತ್ತಿದ್ದ ಅಂತಿಮ ವರ್ಷದ ಮೂವರು ವಿದ್ಯಾರ್ಥಿಗಳು ಕೈಗೊಂಡ ಜಾಹೀರಾತು ಯೋಜನೆಯೊಂದರ ವಿವರ ಇದು. ಅವರಿಗೆ ಮಾರ್ಗದರ್ಶಕನಾಗಿದ್ದ ನಾನು ಆ ಕೆಲಸವನ್ನು ಆರಂಭದಿಂದ ಪ್ರದರ್ಶನದವರೆಗೆ ಹತ್ತಿರದಿಂದ ಕಂಡಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಕಾಲೇಜು, ಆಸ್ಪತ್ರೆ, ಮನೆತನಗಳ ಹೆಸರುಗಳನ್ನು ಬಿಟ್ಟಿದ್ದೇನೆ. ವಿದ್ಯಾರ್ಥಿಗಳನ್ನು ಅವರು ವಹಿಸಿಕೊಂಡ ಕೆಲಸದಿಂದಲೇ ಚಿತ್ರಕಾರ, ಛಾಯಾಗ್ರಾಹಕ, ಬರಹಗಾರ್ತಿ ಎಂದು ಕರೆಯುತ್ತೇನೆ.

ಆ ವರ್ಷ ತರಗತಿಗೆ ಕೊಟ್ಟ ವಿಷಯ ‘ಜಾಹೀರಾತಿನಲ್ಲಿ ಅನ್‌ಕ್ಯಾನಿ’ ಎಂಬುದು. ಚಿರಪರಿಚಿತವಾದ ವಸ್ತು ಅಥವಾ ಮುಖ ಇದ್ದಕ್ಕಿದ್ದಂತೆ ಅಪರಿಚಿತವಾಗಿ ಕಂಡು ಮೈ ಜುಮ್ಮೆನ್ನುವ ಅನುಭವವನ್ನು ನಾವು ತರಗತಿಯಲ್ಲಿ ಆ ಹೆಸರಿನಿಂದಲೇ ಕರೆಯುತ್ತೇವೆ. ದೆವ್ವವನ್ನು ಕಂಡಾಗ ಹುಟ್ಟುವ ಭಯ ಇದಲ್ಲ. ಕತ್ತಲಲ್ಲಿ ಬಾಗಿಲ ಹಿಂದೆ ನೇತುಹಾಕಿದ ಅಂಗಿ ಒಂದು ಕ್ಷಣ ಮನುಷ್ಯನಂತೆ ಕಂಡು, ಅಂಗಿಯೆಂದು ಗೊತ್ತಾದ ಮೇಲೂ ಎದೆಯಲ್ಲಿ ಉಳಿಯುವ ಅಳುಕು ಇದಕ್ಕೆ ಹೆಚ್ಚು ಹತ್ತಿರ. ಜರ್ಮನಿಯ ಮನೋವೈದ್ಯ ಅರ್ನ್‌ಸ್ಟ್ ಯೆಂಚ್ 1906ರಲ್ಲಿ ಈ ಅಳುಕಿನ ಮೂಲವನ್ನು ಒಂದು ಸಂದೇಹದಲ್ಲಿ ಗುರುತಿಸಿದ: ಕಣ್ಣೆದುರಿನ ಜೀವಿ ನಿಜಕ್ಕೂ ಜೀವಂತವೇ, ಅಥವಾ ಜಡವೆಂದು ತಿಳಿದದ್ದರಲ್ಲಿ ಜೀವವೇನಾದರೂ ಇದೆಯೇ? ಸಿಗ್ಮಂಡ್ ಫ್ರಾಯ್ಡ್ 1919ರ ತನ್ನ ಪ್ರಬಂಧದಲ್ಲಿ ಅದಷ್ಟೇ ಸಾಲದೆಂದು ವಾದಿಸಿ, ಒಮ್ಮೆ ಮನಸ್ಸಿಗೆ ತೀರಾ ಆಪ್ತವಾಗಿದ್ದು ಆಮೇಲೆ ಅದುಮಿಟ್ಟದ್ದು ಮರಳಿ ತಲೆಯೆತ್ತುವುದೇ ಇದರ ಬೇರು ಎಂದ. ಅವನು ಉದಾಹರಣೆಗೆ ಆರಿಸಿಕೊಂಡ, 1816ರಲ್ಲಿ ಪ್ರಕಟವಾದ, ಜರ್ಮನ್ ಲೇಖಕ ಹಾಫ್‌ಮನ್‌ನ ಕಥೆಯ ನಡುವೆ ಇರುವುದು ಕಣ್ಣು ಕಳೆದುಕೊಳ್ಳುವ ಭಯ. ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಇದಕ್ಕೊಂದು ರೇಖಾಚಿತ್ರ ಕೊಟ್ಟ. ಒಂದು ಆಕೃತಿ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಪ್ರೀತಿ ಹೆಚ್ಚುತ್ತದೆ. ಆದರೆ ಬಹುಪಾಲು ಹೋಲುವ ಹಂತಕ್ಕೆ ಬಂದಾಗ ಆ ಪ್ರೀತಿ ಕಣಿವೆಯೊಂದಕ್ಕೆ ಕುಸಿದು ಹೇಸಿಗೆಯಾಗುತ್ತದೆ ಎಂಬುದು ಅವನ ಊಹೆ. ಆ ಕಣಿವೆಯ ತಳದಲ್ಲಿ ಮೋರಿ ಶವವನ್ನು ಇರಿಸಿದ್ದಾನೆ ಎಂಬುದು ಈ ಪ್ರಕರಣದಲ್ಲಿ ಮುಖ್ಯವಾಯಿತು.

ಜಾಹೀರಾತು ಲೋಕ ಈ ಕಣಿವೆಯನ್ನು ಎರಡು ರೀತಿಯಲ್ಲಿ ಬಳಸಿದೆ. 2006ರ ಪ್ಲೇಸ್ಟೇಷನ್ 3ರ ಜಾಹೀರಾತಿನಲ್ಲಿ ಬಿಳಿ ಕೋಣೆಯೊಂದರಲ್ಲಿ ಕುಳಿತ ಪ್ಲಾಸ್ಟಿಕ್ ಬೊಂಬೆ ಕಣ್ಣೀರಿಡುತ್ತದೆ. ಅದು ಕಣಿವೆಗೆ ಉದ್ದೇಶಪೂರ್ವಕವಾಗಿ ಇಳಿದ ಕೆಲಸ. 2009ರ ಐಪಿಎಲ್ ಹೊತ್ತಿಗೆ ಮನೆಮಾತಾದ ವೊಡಾಫೋನ್‌ನ ಜೂಜೂಗಳು ಇದಕ್ಕೆ ತದ್ವಿರುದ್ಧ. ಅವುಗಳ ಒಳಗೆ ಇದ್ದವರು ನಿಜವಾದ ಮನುಷ್ಯರೇ. ಆದರೂ ಮುಖವನ್ನು ಚುಕ್ಕೆಗೆರೆಗಳ ಮಟ್ಟಕ್ಕೆ ಇಳಿಸಿ, ಕಣಿವೆಯಿಂದ ಬಹುದೂರ ನಿಲ್ಲಿಸಿದ್ದರಿಂದ ಮಕ್ಕಳೂ ಅವನ್ನು ಮುದ್ದಿಸಿದರು. ವಿದ್ಯಾರ್ಥಿಗಳಿಗೆ ಈ ಎರಡನ್ನೂ ತೋರಿಸಿ, ನಮ್ಮೂರಿನ ಒಂದು ಅಗತ್ಯಕ್ಕೆ ಈ ಅಳುಕನ್ನು ಬಳಸಿ ತೋರಿಸಬೇಕೆಂದು ಹೇಳಲಾಗಿತ್ತು. ಈ ಮೂವರು ಆರಿಸಿಕೊಂಡದ್ದು ನೇತ್ರದಾನ.

ಸಮಸ್ಯೆ

ಕರ್ನಾಟಕದಲ್ಲಿ ನೇತ್ರದಾನವೆಂದರೆ ಮೊದಲು ನೆನಪಾಗುವುದು ಡಾ. ರಾಜ್‌ಕುಮಾರ್ ಕುಟುಂಬ. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದ ಮೇಲೆ ಅವರ ಎರಡು ಕಣ್ಣುಗಳ ಕಾರ್ನಿಯಾಗಳನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗವನ್ನು, ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟದ್ದು ರಾಜ್ಯದ ಮೂಲೆಮೂಲೆಗೂ ತಲುಪಿದ ಸುದ್ದಿ. ದಾವಣಗೆರೆಯ ಆಟೋಗಳ ಹಿಂಬದಿಯಲ್ಲಿ ಇಂದಿಗೂ ಅಪ್ಪು ನಗುತ್ತಿದ್ದಾರೆ. ಹೀಗಿರುವಾಗ ಇನ್ನೊಂದು ಜಾಹೀರಾತಿನ ಅಗತ್ಯವೇನು ಎಂದು ನಾನು ವಿದ್ಯಾರ್ಥಿಗಳನ್ನು ಕೇಳಿದೆ.

ಅವರು ತಮ್ಮ ಬಂಧುಬಳಗದಲ್ಲಿ ವಿಚಾರಿಸಿಕೊಂಡು ಬಂದು ಹೇಳಿದ್ದು ಸ್ಪಷ್ಟವಾಗಿತ್ತು. ನೇತ್ರದಾನ ಒಳ್ಳೆಯದೆಂದು ಒಪ್ಪದವರು ಯಾರೂ ಇರಲಿಲ್ಲ. ಹಲವರು ಶಿಬಿರಗಳಲ್ಲಿ ಪ್ರತಿಜ್ಞಾ ಪತ್ರಕ್ಕೆ ಸಹಿ ಮಾಡಿಯೂ ಇದ್ದರು. ಆದರೆ ಮನೆಯಲ್ಲಿ ಸಾವಾದ ಹೊತ್ತಿನಲ್ಲಿ ಆ ಪತ್ರ ಯಾರಿಗೂ ನೆನಪಾಗಿರಲಿಲ್ಲ. ನೆನಪಾದ ಕಡೆಯೂ ಹಿರಿಯರೊಬ್ಬರು ‘ಮುಖ ಕೆಡುತ್ತದೆ’ ಎಂದಾಗ ಮಾತು ನಿಂತುಹೋಗಿತ್ತು. ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂಬ ನಂಬಿಕೆಯೂ ಅಲ್ಲಲ್ಲಿ ಕೇಳಿಬಂತು. ಈ ಭಾಗದ ಲಿಂಗಾಯತ ಮನೆಗಳಲ್ಲಿ ದೇಹವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹೂವಿನ ಹಾರ ಹಾಕಿ, ಬಂದವರೆಲ್ಲ ಮುಖ ನೋಡುವಂತೆ ಇರಿಸುವ ಪದ್ಧತಿಯಿದೆ. ಹಾಗಾಗಿ ಮುಖ ಕೆಡುವ ಆತಂಕಕ್ಕೆ ಇಲ್ಲಿ ವಿಶೇಷ ತೂಕವಿದೆ. ವಾಸ್ತವವಾಗಿ ದಾನದ ನಂತರ ಮುಖದಲ್ಲಿ ಹೊರಗೆ ಕಾಣುವ ವ್ಯತ್ಯಾಸ ಏನೂ ಇರುವುದಿಲ್ಲ, ಇಡೀ ಕೆಲಸ 15ರಿಂದ 20 ನಿಮಿಷಗಳಲ್ಲಿ ಮುಗಿಯುತ್ತದೆ, ಮತ್ತು ಸಾಮಾನ್ಯವಾಗಿ ಸಾವಿನ ನಂತರ 6 ಗಂಟೆಗಳೊಳಗೆ ಅದು ನಡೆಯಬೇಕು. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನಿಂದ ತುಸು ಎತ್ತರಿಸಿ, ಫ್ಯಾನ್ ಆರಿಸಬೇಕು. ಗಾಳಿಗೆ ಕಾರ್ನಿಯಾ ಒಣಗುತ್ತದೆ ಎಂಬುದೇ ಕಾರಣ.

ಹೀಗೆ ನೋಡಿದಾಗ ಜಾಹೀರಾತು ಗೆಲ್ಲಬೇಕಾದದ್ದು ದಾನಿಯ ಒಪ್ಪಿಗೆಯನ್ನಲ್ಲ, ಆ ಕೆಲವು ಗಂಟೆಗಳನ್ನು. ಆದರೆ ಇದು ವಿದ್ಯಾರ್ಥಿಗಳಿಗೆ ಆರಂಭದಲ್ಲಿ ಹೊಳೆಯಲಿಲ್ಲ. ಅವರು ಹಿಡಿದ ಮೊದಲ ದಾರಿಯೇ ಬೇರೆ.

ಮೊದಲ ಪ್ರಯತ್ನ: ಅಜ್ಜಿಯ ಕಣ್ಣು, ಮೊಮ್ಮಗನ ವಯಸ್ಸಿನ ಮುಖ

ಚಿತ್ರಕಾರ ಒಂದು ಎಐ ಉಪಕರಣದ ನೆರವಿನಿಂದ ಇಪ್ಪತ್ತರ ಯುವಕನೊಬ್ಬನ ಮುಖವನ್ನು ರಚಿಸಿ, ಅದರಲ್ಲಿ ವೃದ್ಧೆಯೊಬ್ಬರ ಕಣ್ಣುಗಳನ್ನು ಕೂಡಿಸಿದ. ರೆಪ್ಪೆಯ ಸುಕ್ಕು, ಕಣ್ಣಂಚಿನ ತೇವ, ನೋಟದ ಆಯಾಸ ಎಲ್ಲವೂ ಎಂಬತ್ತರ ಜೀವದ್ದು. ಕೆನ್ನೆ, ಹಣೆ, ಮೀಸೆಯ ಚಿಗುರು ಇಪ್ಪತ್ತರದು. ಕೆಳಗೆ ಬರಹಗಾರ್ತಿ ಬರೆದ ಸಾಲು: ‘ಅಜ್ಜಿ ಇನ್ನೂ ನೋಡುತ್ತಿದ್ದಾಳೆ.’ ತರಗತಿಯಲ್ಲಿ ಅದನ್ನು ಗೋಡೆಗೆ ಅಂಟಿಸಿದಾಗ ಮಾತು ನಿಂತಿತು. ಅನ್‌ಕ್ಯಾನಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ ಎನ್ನುವಷ್ಟು ಅದು ಬಲವಾಗಿತ್ತು, ಮತ್ತು ಅಂಕಗಳ ದೃಷ್ಟಿಯಿಂದ ಅಲ್ಲಿಯೇ ನಿಂತಿದ್ದರೂ ಯೋಜನೆ ಪಾಸಾಗುತ್ತಿತ್ತು.

ಆದರೆ ನಮ್ಮ ನಿಯಮದ ಪ್ರಕಾರ ಕೆಲಸವನ್ನು ಕಾಲೇಜಿನ ಹೊರಗೆ ತೋರಿಸಬೇಕಿತ್ತು. ಅವರು ಅದನ್ನು ಬಸ್ ನಿಲ್ದಾಣದ ಬಳಿ, ಮಂಡಕ್ಕಿ-ಮಿರ್ಚಿ ಗಾಡಿಯ ಸುತ್ತ ನಿಂತವರಿಗೆ, ಆಮೇಲೆ ಹಳೇ ಪೇಟೆಯ ಪರಿಚಿತರ ಮನೆಗಳಲ್ಲಿ ತೋರಿಸಿದರು. ಹುಡುಗರ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ಆಗಿತ್ತು: ‘ಇದು ಎಐ ಅಲ್ವಾ ಸಾರ್?’ ಚರ್ಮದ ಅತಿ ನುಣುಪು ಅವರಿಗೆ ತಕ್ಷಣ ಕಂಡಿತು. ಅಳುಕು ಹುಟ್ಟಿದ್ದರೂ ಅದನ್ನು ಅವರು ಉಪಕರಣದ ದೋಷದ ಖಾತೆಗೆ ಹಾಕಿ ಮುಂದೆ ಹೋದರು. ಹಿರಿಯರ ಪ್ರತಿಕ್ರಿಯೆ ಇನ್ನೊಂದು ಬಗೆಯದು. ತಾಯಿಯನ್ನು ಇತ್ತೀಚೆಗೆ ಕಳೆದುಕೊಂಡಿದ್ದ ಮಧ್ಯವಯಸ್ಸಿನ ಗೃಹಿಣಿಯೊಬ್ಬರು ಪೋಸ್ಟರನ್ನು ದೀರ್ಘಕಾಲ ನೋಡಿ ಕೇಳಿದರು: ‘ಹಂಗಾರೆ ನಮ್ಮವ್ವನ ಕಣ್ಣು ಆ ಹುಡುಗನ ಮುಖದಾಗೆ ಹಿಂಗೇ ಇರ್ತಾವೇನಪ್ಪ? ಅವ್ವ ಅಲ್ಲಿಂದ ನಮ್ಮನ್ನ ನೋಡ್ತಿರ್ತಾಳಾ?’ ಅವರ ದನಿಯಲ್ಲಿ ಆಸೆಯೂ ಇತ್ತು, ಹೆದರಿಕೆಯೂ ಇತ್ತು. ಪಕ್ಕದಲ್ಲಿದ್ದ ಅವರ ಅತ್ತೆ, ‘ಸತ್ತೋರ ಕಣ್ಣು ಬದುಕಿರೋರ ಮೇಲೆ ಬೀಳಬಾರ್ದವ್ವ’ ಎಂದು ಎದ್ದು ಒಳಗೆ ಹೋದರು.

ಈ ಪ್ರಕರಣದ ಮೊದಲ ತಿರುವು ಇದೇ. ವಿದ್ಯಾರ್ಥಿಗಳು ಮರಳಿ ಬಂದು ಆ ಪ್ರಶ್ನೆಯನ್ನು ನನ್ನ ಮುಂದಿಟ್ಟಾಗ ನಾವು ಸೌಂದರ್ಯದ ಚರ್ಚೆಯನ್ನು ಬದಿಗಿಟ್ಟು, ಚಿತ್ರ ಹೇಳುತ್ತಿರುವುದು ನಿಜವೇ ಎಂದು ಕೇಳಿಕೊಂಡೆವು. ಅದು ನಿಜವಲ್ಲ. ಕಸಿ ಮಾಡುವುದು ಇಡೀ ಕಣ್ಣನ್ನಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಮಾತ್ರ. ಕಣ್ಣಿನ ಬಣ್ಣ, ರೆಪ್ಪೆ, ನೋಟ ಯಾವುದೂ ದಾನಿಯಿಂದ ಬರುವುದಿಲ್ಲ. ಪಡೆದವನ ಕಣ್ಣು ಅವನದಾಗಿಯೇ ಕಾಣುತ್ತದೆ. ಅಂದರೆ ಪೋಸ್ಟರಿನ ಅಷ್ಟೂ ಬಲ ನಿಂತಿದ್ದದ್ದು ಒಂದು ಸುಳ್ಳಿನ ಮೇಲೆ, ಅದೂ ಜನರನ್ನು ದಾನದಿಂದ ಹಿಂದೆಳೆಯುವ ಅದೇ ಸುಳ್ಳಿನ ಮೇಲೆ. ಸತ್ತವರ ನೋಟ ಇನ್ನೊಬ್ಬರ ಮುಖದಲ್ಲಿ ಅಲೆದಾಡುತ್ತದೆ ಎಂಬ ಅಳುಕನ್ನು ನಾವೇ ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಚ್ಚುತ್ತಿದ್ದೆವು.

ಚಿತ್ರಕಾರ ಸುಲಭವಾಗಿ ಒಪ್ಪಲಿಲ್ಲ. ಜಾಹೀರಾತಿನಲ್ಲಿ ರೂಪಕಕ್ಕೆ ಸ್ವಾತಂತ್ರ್ಯವಿರಬೇಕು, ಯಾರೂ ಅದನ್ನು ವೈದ್ಯಕೀಯ ಚಿತ್ರವೆಂದು ಓದುವುದಿಲ್ಲ ಎಂಬುದು ಅವನ ವಾದ. ಅದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ, ಬರಹಗಾರ್ತಿ: ಆ ಮನೆಯಲ್ಲಿ ಅದನ್ನು ಹಾಗೆಯೇ ಓದಿದರಲ್ಲ ಎಂದಳು. ಅವಳ ಮಾತಿಗೆ ಹೆಚ್ಚಿನ ಸಮರ್ಥನೆ ಬೇಕಾಗಲಿಲ್ಲ. ರೂಪಕವನ್ನು ರೂಪಕವೆಂದು ಓದಲು ಓದುಗನಿಗೆ ವಾಸ್ತವ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ ಕಡೆ ರೂಪಕವೇ ಮಾಹಿತಿಯಾಗಿಬಿಡುತ್ತದೆ.

ಎರಡನೆಯ ಪ್ರಯತ್ನ

ಇದನ್ನು ಬೇಗ ಹೇಳಿ ಮುಗಿಸಬಹುದು. ಕಟ್ಟುತ್ತಿರುವ ಮನೆಗಳ ಮುಂದೆ ತೂಗುವ, ಅಗಲ ಕಣ್ಣು ಬಿಟ್ಟ ದೃಷ್ಟಿ ಬೊಂಬೆಯನ್ನು ತೆಗೆದುಕೊಂಡು, ಅದರ ಕಣ್ಣುಗಳ ಜಾಗವನ್ನು ಖಾಲಿ ಬಿಟ್ಟ ಚಿತ್ರವೊಂದನ್ನು ಛಾಯಾಗ್ರಾಹಕ ಸಿದ್ಧಪಡಿಸಿದ. ನಮ್ಮ ನೆಲದ್ದೇ ಆದ ಆಕೃತಿ ಬಳಸಬೇಕೆಂಬ ಆಸೆ ಅದರ ಹಿಂದಿತ್ತು ಮತ್ತು ಆ ಆಸೆ ಗೌರವಾರ್ಹ. ಆದರೆ ದೃಷ್ಟಿ ಬೊಂಬೆ ನಮ್ಮೂರಿನಲ್ಲಿ ಎಷ್ಟು ಸಾಮಾನ್ಯವೆಂದರೆ ಜನ ಅದನ್ನು ನೋಡಿಯೂ ನೋಡುವುದಿಲ್ಲ. ನೋಡಿದವರಿಗೆ ಅದು ಕೆಟ್ಟ ಕಣ್ಣನ್ನು ನೆನಪಿಸಿತೇ ವಿನಾ ಕಣ್ಣಿನ ದಾನವನ್ನಲ್ಲ. ಕಣ್ಣಿಲ್ಲದ ಬೊಂಬೆ ‘ಕಣ್ಣು ಕಿತ್ತ’ ಮುಖದ ಕಡೆಗೂ ಬೆರಳು ತೋರುತ್ತಿತ್ತು, ಅಂದರೆ ‘ಮುಖ ಕೆಡುತ್ತದೆ’ ಎಂಬ ಮಾತನ್ನು ಅದೂ ಸಮರ್ಥಿಸುತ್ತಿತ್ತು. ಮೂವರೂ ಸ್ವತಃ ಅದನ್ನು ಕೈಬಿಟ್ಟರು.

ತಿರುವು: ನೋಡುವವರನ್ನು ಎಲ್ಲಿ ನಿಲ್ಲಿಸುವುದು

ಎರಡೂ ಪ್ರಯತ್ನಗಳಲ್ಲಿ ಒಂದು ಸಮಾನ ಅಂಶವಿತ್ತು. ಎರಡರಲ್ಲೂ ಅಳುಕು ಒಂದು ಮುಖದಲ್ಲಿತ್ತು, ನೋಡುವವರು ಅದರ ಎದುರು ಸುರಕ್ಷಿತವಾಗಿ ನಿಂತಿದ್ದರು. ಮೋರಿಯ ಕಣಿವೆಯನ್ನು ವಿದ್ಯಾರ್ಥಿಗಳು ಕೇವಲ ಮುಖಗಳ ವಿಷಯವೆಂದು ತಿಳಿದಿದ್ದರು. ಹಾಗಿಲ್ಲದೆ, ಕಣಿವೆಯ ತಳದಲ್ಲಿರುವ ಶವದ ಜಾಗಕ್ಕೆ ನೋಡುವವರನ್ನೇ ಕರೆದೊಯ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಚರ್ಚೆಯಲ್ಲಿ ಮೂಡಿತು.

ಅದೇ ಹೊತ್ತಿಗೆ ಬರಹಗಾರ್ತಿ ನೇತ್ರ ಬ್ಯಾಂಕಿನ ಸೂಚನೆಗಳ ಪಟ್ಟಿಯನ್ನು ಓದಿಕೊಂಡು, ಕಾನೂನಿನ ಬಗ್ಗೆಯೂ ತಿಳಿದುಕೊಂಡು ಬಂದಿದ್ದಳು. ಮಾನವ ಅಂಗಾಂಗ ಕಸಿ ಕಾಯ್ದೆ 1994ರಲ್ಲಿ ಬಂದಿತು. 2011ರ ತಿದ್ದುಪಡಿಯ ನಂತರ ತರಬೇತಿ ಪಡೆದ ತಂತ್ರಜ್ಞರೂ ಕಣ್ಣು ಅಥವಾ ಕಾರ್ನಿಯಾವನ್ನು ತೆಗೆಯಬಹುದು, ಮತ್ತು ಅದಕ್ಕಾಗಿ ದೇಹವನ್ನು ಆಸ್ಪತ್ರೆಗೆ ಒಯ್ಯಬೇಕಾಗಿಲ್ಲ, ತಂಡವೇ ಮನೆಗೆ ಬರುತ್ತದೆ. ಸತ್ತವರು ಬದುಕಿದ್ದಾಗ ಸಹಿ ಮಾಡಿದ್ದರೂ ಮಾಡದಿದ್ದರೂ ಆ ಹೊತ್ತಿನಲ್ಲಿ ದೂರವಾಣಿ ಕರೆ ಮಾಡಬೇಕಾದವರು ಮನೆಯವರೇ. ಅವಳ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿತ್ತು: ‘ಫ್ಯಾನ್ ಆರಿಸಿ.’ ಸಾವಿನ ಮನೆಯಲ್ಲಿ ನಾವು ಮಾಡುವುದು ಇದಕ್ಕೆ ವಿರುದ್ಧವಾದುದನ್ನು ಎಂದು ಅವಳು ಹೇಳಿದಳು. ದಾವಣಗೆರೆಯ ಬಿಸಿಲಿಗೆ, ಬಂದು ಸೇರುವ ಜನಕ್ಕೆ, ಮೊದಲು ಯಾರಾದರೊಬ್ಬರು ಫ್ಯಾನನ್ನು ಜೋರಾಗಿ ಹಾಕುತ್ತಾರೆ.

ಮೂರನೆಯ ಪೋಸ್ಟರ್ ಇಲ್ಲಿಂದ ಹುಟ್ಟಿತು. ಚೌಕಟ್ಟಿನ ತುಂಬ ಒಂದು ಸೀಲಿಂಗ್ ಫ್ಯಾನ್, ನೆಲದ ಮೇಲೆ ಮಲಗಿದವರ ಕಣ್ಣಿಗೆ ಕಾಣುವ ಕೋನದಿಂದ. ಸುತ್ತ ಸಾಮಾನ್ಯ ಮನೆಯೊಂದರ ಸುಣ್ಣದ ಚಾವಣಿ, ಒಂದು ಮೂಲೆಯಲ್ಲಿ ತೇವದ ಕಲೆ. ಮೇಲೆ ‘ಫ್ಯಾನ್ ಆರಿಸಿ’ ಎಂಬ ಎರಡು ಪದ. ಕೆಳಗೆ ಚಿಕ್ಕ ಅಕ್ಷರಗಳಲ್ಲಿ: ‘ನನ್ನ ಕಣ್ಣು ಇನ್ನು 6 ಗಂಟೆ ಕೆಲಸಕ್ಕೆ ಬರುತ್ತದೆ. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ, ಕರೆ ಮಾಡಿ.’ ಅದರ ಕೆಳಗೆ ನೇತ್ರ ಬ್ಯಾಂಕಿನ ಸಂಖ್ಯೆಗೆ ಜಾಗ.

ಈ ಚಿತ್ರದಲ್ಲಿ ಹೆದರಿಸುವ ವಸ್ತು ಏನೂ ಇಲ್ಲ. ಮಧ್ಯಾಹ್ನದ ನಿದ್ದೆಗೆ ಮೊದಲು ನಾವೆಲ್ಲರೂ ನೋಡುವ ನೋಟ ಅದು. ‘ನನ್ನ ಕಣ್ಣು’ ಎಂಬಲ್ಲಿಗೆ ಓದು ತಲುಪಿದಾಗ ಮಾತ್ರ ತಾವು ಎಲ್ಲಿ ಮಲಗಿದ್ದೇವೆ ಎಂಬುದು ನೋಡುವವರಿಗೆ ಅರಿವಾಗುತ್ತದೆ. ಅದಾದ ಮರುಕ್ಷಣವೇ ಮಾಡಲು ಒಂದು ಚಿಕ್ಕ, ಸಾಧ್ಯವಾದ ಕೆಲಸ ಕೈಗೆ ಸಿಗುತ್ತದೆ. ಅಳುಕು ಮತ್ತು ಸೂಚನೆ ಒಂದೇ ವಸ್ತುವಿನಲ್ಲಿ ಕೂಡಿಕೊಂಡದ್ದು ನನ್ನ ಮಟ್ಟಿಗೆ ಈ ಯೋಜನೆಯ ಅತ್ಯಂತ ದೊಡ್ಡ ಗೆಲುವು. ಓದುವಾಗ ಅವರು ಸತ್ತವರ ಜಾಗದಲ್ಲಿರುತ್ತಾರೆ. ಫ್ಯಾನ್ ಆರಿಸಬೇಕಾದವರು ಬದುಕಿರುವವರು. ಒಂದೇ ಪೋಸ್ಟರ್ ಒಬ್ಬರನ್ನೇ ಎರಡೂ ಕಡೆ ನಿಲ್ಲಿಸುತ್ತದೆ.

ಅದನ್ನು ಸರಿಪಡಿಸಿದ್ದು ಹೇಗೆ

ಮೊದಲ ಕರಡಿನಲ್ಲಿ ಫ್ಯಾನ್ ನಿಂತಿತ್ತು. ಛಾಯಾಗ್ರಾಹಕ ಪ್ರತಿ ರೆಕ್ಕೆಯ ಅಂಚೂ ಸ್ಪಷ್ಟವಾಗಿ ಕಾಣುವಂತೆ ಬೆಳಕು ಕೊಟ್ಟು ತೆಗೆದಿದ್ದ, ಚಿತ್ರ ಬಹಳ ಸುಂದರವಾಗಿತ್ತು. ಬಸ್ ನಿಲ್ದಾಣದ ಬಳಿ ನೋಡಿದ ಹಲವರು ಅದನ್ನು ಫ್ಯಾನ್ ಅಂಗಡಿಯ ಜಾಹೀರಾತೆಂದು ತಿಳಿದರು. ಅಷ್ಟಲ್ಲದೆ, ಆಗಲೇ ನಿಂತಿರುವ ಫ್ಯಾನನ್ನು ಆರಿಸಿ ಎನ್ನುವುದರಲ್ಲಿ ಅರ್ಥವಿರಲಿಲ್ಲ. ಚಿತ್ರಕಾರ ಸೂಚಿಸಿದಂತೆ ಕ್ಯಾಮೆರಾದ ಶಟರ್ ವೇಗವನ್ನು ತಗ್ಗಿಸಿ, ರೆಕ್ಕೆಗಳು ಮಸುಕಾದ ವೃತ್ತವಾಗಿ ಕಾಣುವಂತೆ ಮತ್ತೆ ಚಿತ್ರ ತೆಗೆದರು. ಈಗ ಫ್ಯಾನ್ ತಿರುಗುತ್ತಿತ್ತು, ಅಂದರೆ ಕಣ್ಣು ಒಣಗುತ್ತಿತ್ತು, ಅಂದರೆ ಯಾರೋ ಎದ್ದು ಹೋಗಬೇಕಿತ್ತು. ಚಲನೆ ಈ ಅಳುಕನ್ನು ಹೆಚ್ಚಿಸುತ್ತದೆ ಎಂದು ಮೋರಿ ಬರೆದದ್ದು ಮುಖ, ಕೈಗಳಂಥ ಆಕೃತಿಗಳ ಬಗ್ಗೆ. ಇಲ್ಲಿ ಚಲಿಸುತ್ತಿದ್ದದ್ದು ಒಂದು ಯಂತ್ರ ಮಾತ್ರ, ಚಲಿಸದೆ ಇದ್ದದ್ದು ನೋಡುವವರು.

ಎರಡನೆಯ ತಿದ್ದುಪಡಿ ಇನ್ನೂ ಆಳದ್ದು. ಒಂದು ಲಿಂಗಾಯತ ಮನೆಯಲ್ಲಿ ಪೋಸ್ಟರ್ ತೋರಿಸಿದಾಗ ಆ ಮನೆಯ ಯಜಮಾನರು ಓದಿ, ಅರ್ಥಮಾಡಿಕೊಂಡು, ಸಮಾಧಾನದಿಂದಲೇ ಹೇಳಿದರು: ‘ಎಲ್ಲ ಸರಿ ಐತೆ. ಆದ್ರೆ ನಮ್ಮಲ್ಲಿ ಮಲಗ್ಸಿರಲ್ಲ ತಮ್ಮ, ಕುಂದ್ರುಸ್ತೀವಿ. ಇದು ನಮ್ದಲ್ಲ ಅನ್ಸುತ್ತೆ.’ ಛಾಯಾಗ್ರಾಹಕ ಮೊದಲು ಇದನ್ನು ಸಣ್ಣ ಆಕ್ಷೇಪವೆಂದು ಬದಿಗಿಡಲು ನೋಡಿದ. ಕುಳ್ಳಿರಿಸುವ ಮೊದಲು ಸ್ವಲ್ಪ ಹೊತ್ತು ದೇಹ ಮಲಗಿಯೇ ಇರುತ್ತದಲ್ಲ ಎಂದ. ನನ್ನ ಅಭಿಪ್ರಾಯ ಬೇರೆಯಿತ್ತು. ಈ ಪೋಸ್ಟರ್ ಕೆಲಸ ಮಾಡುವುದು ಜಾಗದ ಮೂಲಕ. ಜಾಗ ತನ್ನದಲ್ಲ ಎಂದು ನೋಡುವವರಿಗೆ ಅನ್ನಿಸಿದ ಕೂಡಲೇ ಅವರು ಚಿತ್ರದಿಂದ ಎದ್ದು ಹೊರಬರುತ್ತಾರೆ, ಸಾವು ಬೇರೆಯವರ ಮನೆಯದಾಗುತ್ತದೆ.

ಹೀಗೆ ಇದರ ಜೊತೆಗೆ ಇನ್ನೊಂದು ಪೋಸ್ಟರ್ ಸಿದ್ಧವಾಯಿತು. ಗೋಡೆಗೆ ಒರಗಿ ಕುಳಿತವರ ಕಣ್ಣಿನ ಎತ್ತರದಿಂದ ಕಾಣುವ ನಡುಮನೆ: ಎದುರಿಗೆ ತೆರೆದ ಬಾಗಿಲು, ಹೊಸ್ತಿಲಾಚೆ ಚಪ್ಪಲಿಗಳ ರಾಶಿ, ಮೇಲಂಚಿನಲ್ಲಿ ತಿರುಗುವ ಫ್ಯಾನಿನ ಅರ್ಧಭಾಗ. ಇದರಲ್ಲಿ ಜನರನ್ನು ಹೇಗೆ ತೋರಿಸಬೇಕೆಂಬುದು ದೊಡ್ಡ ಚರ್ಚೆಯಾಯಿತು. ಮೊದಲ ರೂಪದಲ್ಲಿ ಎದುರು ಕುಳಿತ ಹೆಂಗಸರು ನೇರವಾಗಿ ನಮ್ಮನ್ನೇ ನೋಡುತ್ತಿದ್ದರು, ಏಕೆಂದರೆ ಸಾವಿನ ಮನೆಯಲ್ಲಿ ಎಲ್ಲರ ದೃಷ್ಟಿಯೂ ಆ ಮುಖದ ಮೇಲಿರುತ್ತದೆ. ಅದನ್ನು ನೋಡಿದ ಇಬ್ಬರು ಸಹಪಾಠಿಗಳು ತಕ್ಷಣ ಮುಖ ತಿರುಗಿಸಿದರು, ಪಠ್ಯವನ್ನು ಓದಲೇ ಇಲ್ಲ. ಅಳುಕು ಅಲ್ಲಿ ಮತ್ತೆ ಕಣ್ಣುಗಳಿಗೆ ಮರಳಿತ್ತು, ಮತ್ತು ಅದರಿಂದ ಹೊರಬರುವ ದಾರಿ ಚಿತ್ರದಲ್ಲಿ ಇರಲಿಲ್ಲ. ಕೊನೆಯ ರೂಪದಲ್ಲಿ ಜನರನ್ನು ಭುಜದ ಮಟ್ಟಕ್ಕೆ ಕತ್ತರಿಸಿ, ಒಬ್ಬರ ಕೈ ಮಾತ್ರ ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನ ಕಡೆಗೆ ಚಾಚಿರುವಂತೆ ಇರಿಸಿದರು. ಬಳೆ ತೊಟ್ಟ ಆ ಕೈ ಇಡೀ ಚಿತ್ರದ ದಿಕ್ಕನ್ನು ಬದಲಿಸಿತು.

ಮುದ್ರಣದ ವಿಷಯ. 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದರಿಂದ ಕಾಗದ ಮತ್ತು ಬಟ್ಟೆಯ ಮೇಲೆಯೇ ಕೆಲಸವಾಗಬೇಕಿತ್ತು. ಬಟ್ಟೆಯ ಮೇಲೆ ಮುದ್ರಿಸಿದ ಫ್ಯಾನಿಗೆ ಹೊಳಪು ಇರಲಿಲ್ಲ, ಚಾವಣಿಯ ಸುಣ್ಣ ಸುಣ್ಣದಂತೆಯೇ ಕಂಡಿತು, ಮತ್ತು ಈ ಅನಿವಾರ್ಯತೆಯಿಂದ ಚಿತ್ರಕ್ಕೆ ಒಳಿತೇ ಆಯಿತು.

ಫಲಿತಾಂಶ

ವಾರ್ಷಿಕ ಪ್ರದರ್ಶನದಲ್ಲಿ ಮಲಗಿದವರ ನೋಟದ ಪೋಸ್ಟರನ್ನು ಗೋಡೆಗೆ ಹಾಕದೆ ಕೋಣೆಯೊಂದರ ಚಾವಣಿಗೆ ಕಟ್ಟಿ, ಕೆಳಗೆ ಚಾಪೆ ಹಾಸಿದರೆ ಹೇಗೆ ಎಂದು ಚಿತ್ರಕಾರ ಕೇಳಿದ. ನಾನು ಬೇಡವೆಂದೆ. ಅದು ಪ್ರದರ್ಶನದಲ್ಲಿ ಚಪ್ಪಾಳೆ ಗಿಟ್ಟಿಸುತ್ತಿತ್ತು. ಆದರೆ ಬೀದಿಯ ಗೋಡೆಯಲ್ಲಿ, ಚಾಪೆಯ ನೆರವಿಲ್ಲದೆ ಪೋಸ್ಟರ್ ನಿಲ್ಲುತ್ತದೆಯೇ ಎಂಬುದೇ ನಾವು ತಿಳಿಯಬೇಕಾದ ಸಂಗತಿಯಾಗಿತ್ತು. ಅದು ನಿಂತಿತು. ನೋಡಿದವರು ಕೇಳಿದ ಪ್ರಶ್ನೆಗಳು ಬದಲಾಗಿದ್ದವು. ಮೊದಲ ಪೋಸ್ಟರಿನ ಮುಂದೆ ‘ಸತ್ತವರು ನೋಡುತ್ತಾರಾ’ ಎಂದು ಕೇಳಿದ್ದರೆ, ಇಲ್ಲಿ ‘ಫ್ಯಾನ್ ಯಾಕೆ ಆರಿಸಬೇಕು’, ‘ಕನ್ನಡಕ ಹಾಕುವವರ ಕಣ್ಣು ಬರುತ್ತದಾ’, ‘ರಾತ್ರಿ ಹೊತ್ತು ಕರೆದರೆ ಬರುತ್ತಾರಾ’ ಎಂದು ಕೇಳಿದರು. ಕನ್ನಡಕ ಹಾಕುವವರೂ ಯಾವ ವಯಸ್ಸಿನವರೂ ದಾನ ಮಾಡಬಹುದು ಎಂಬ ಉತ್ತರವನ್ನು ಬರಹಗಾರ್ತಿ ಪಠ್ಯಕ್ಕೆ ಸೇರಿಸಲು ಬಯಸಿದಳು, ಆಮೇಲೆ ತಾನೇ ಬೇಡವೆಂದಳು. ಸಾವಿನ ಹೊತ್ತಿನಲ್ಲಿ ಅಷ್ಟನ್ನು ಓದುವವರಿಲ್ಲ, ಕರೆ ಮಾಡಿದರೆ ಆಸ್ಪತ್ರೆಯವರೇ ಹೇಳುತ್ತಾರೆ ಎಂಬುದು ಅವಳ ತೀರ್ಮಾನ.

ಎಲ್ಲರಿಗೂ ಹಿಡಿಸಿತೆಂದು ಹೇಳಲಾಗದು. ಒಬ್ಬ ಪೋಷಕರು ಇಂಥದ್ದನ್ನು ಶುಭಕಾರ್ಯದ ದಿನ ತೂಗುಹಾಕಬಾರದಿತ್ತು ಎಂದು ಬೇಸರಪಟ್ಟರು. ಪರೀಕ್ಷಕರಲ್ಲಿ ಒಬ್ಬರು ದೃಶ್ಯ ತೀರಾ ಸಪ್ಪೆಯಾಯಿತೆಂದು, ಅಜ್ಜಿಯ ಕಣ್ಣಿನ ಚಿತ್ರವೇ ವಿಷಯಕ್ಕೆ ಹೆಚ್ಚು ನ್ಯಾಯ ಒದಗಿಸುತ್ತಿತ್ತೆಂದು ಅಭಿಪ್ರಾಯಪಟ್ಟರು. ವಿಷಯವನ್ನು ಅಳುಕಿನ ತೀವ್ರತೆಯಿಂದ ಅಳೆದರೆ ಅವರ ಮಾತು ಸರಿ. ನಾನು ಹಾಗೆ ಅಳೆಯುವುದಿಲ್ಲ. ಜಾಹೀರಾತಿನಲ್ಲಿ ಅಳುಕು ಎಷ್ಟು ಎಂಬುದಕ್ಕಿಂತ ಅದು ಯಾವುದರ ಮೇಲೆ ನಿಂತಿದೆ, ಮುಗಿದ ಮೇಲೆ ನೋಡುಗರನ್ನು ಎಲ್ಲಿ ಬಿಡುತ್ತದೆ ಎಂಬುದು ಹೆಚ್ಚು ಮುಖ್ಯ. ಪ್ಲೇಸ್ಟೇಷನ್ನಿನ ಬೊಂಬೆ ಅಳುವುದು ಒಂದು ಆಟದ ಯಂತ್ರಕ್ಕಾಗಿ, ಆ ಅಳುಕಿನಿಂದ ಯಾರ ನಂಬಿಕೆಯೂ ಕದಲುವುದಿಲ್ಲ. ಕಟ್ಟುಕಥೆಯೊಳಗೆ ನಮ್ಮನ್ನು ಬಾಧಿಸದ ಎಷ್ಟೋ ಸಂಗತಿಗಳು ನಿಜಜೀವನದಲ್ಲಿ ಎದುರಾದಾಗ ಅಳುಕು ಹುಟ್ಟಿಸುತ್ತವೆ ಎಂದು ಫ್ರಾಯ್ಡ್ ತನ್ನ ಪ್ರಬಂಧದ ಕೊನೆಯ ಭಾಗದಲ್ಲಿ ಚರ್ಚಿಸುತ್ತಾನೆ. ಸಾರ್ವಜನಿಕ ಆರೋಗ್ಯದ ಜಾಹೀರಾತು ನಿಂತಿರುವುದು ಪೂರ್ತಿಯಾಗಿ ನಿಜಜೀವನದ ಕಡೆ. ಅಲ್ಲಿ ಎಬ್ಬಿಸಿದ ಅಳುಕನ್ನು ಜನ ಮನೆಗೆ ಒಯ್ಯುತ್ತಾರೆ, ಮತ್ತು ಮನೆಯಲ್ಲಿ ಅದು ಯಾವುದಾದರೊಂದು ಹಳೆಯ ನಂಬಿಕೆಯ ಪಕ್ಕದಲ್ಲಿ ಹೋಗಿ ಕೂರುತ್ತದೆ.

ಇದರಿಂದ ಮುಂದಿನ ತಂಡಗಳಿಗೆ ದಕ್ಕುವ ಪಾಠ ನನ್ನ ಪ್ರಕಾರ ವಿನ್ಯಾಸದ ಕ್ರಮಕ್ಕೆ ಸಂಬಂಧಿಸಿದ್ದು. ಈ ಮೂವರು ಚಿತ್ರದಿಂದ ಆರಂಭಿಸಿ, ಜನರ ಪ್ರಶ್ನೆಯಿಂದ ವಾಸ್ತವಕ್ಕೆ, ವಾಸ್ತವದಿಂದ ಸೂಚನೆಗೆ, ಸೂಚನೆಯಿಂದ ಮತ್ತೆ ಚಿತ್ರಕ್ಕೆ ಬಂದರು. ಫ್ಯಾನ್ ಅವರಿಗೆ ಸಿಕ್ಕಿದ್ದು ಕಲ್ಪನೆಯನ್ನು ಹರಿಯಬಿಟ್ಟದ್ದರಿಂದಲ್ಲ. ನೇತ್ರ ಬ್ಯಾಂಕಿನ ಒಣ ಸೂಚನಾಪಟ್ಟಿಯನ್ನು ಸಾವಿನ ಮನೆಯ ನೆನಪಿನ ಪಕ್ಕದಲ್ಲಿಟ್ಟು ಓದಿದ್ದರಿಂದ. ಪರಿಚಿತವಾದದ್ದೇ ಅಪರಿಚಿತವಾಗಬೇಕಾದರೆ ಮೊದಲು ಯಾರಿಗೆ ಯಾವುದು ಪರಿಚಿತ ಎಂಬುದನ್ನು ತಿಳಿಯಬೇಕು, ಮತ್ತು ಅದು ಮನೆಯಿಂದ ಮನೆಗೆ ಬೇರೆಯಾಗುತ್ತದೆ ಎಂಬುದನ್ನು ಆ ಯಜಮಾನರ ಮಾತು ತೋರಿಸಿಕೊಟ್ಟಿತು.

ಪ್ರದರ್ಶನದ ನಂತರ ಊರಿನ ಆಸ್ಪತ್ರೆಯೊಂದು ಪೋಸ್ಟರುಗಳನ್ನು ಕೇಳಿತು. ಒಳರೋಗಿಗಳ ವಾರ್ಡಿನ ಮೊಗಸಾಲೆಯಲ್ಲಿ ಹಾಕುವ ಆಲೋಚನೆ ಅವರಿಗಿತ್ತು. ಅಲ್ಲಿ ಬೇಡವೆಂದು ವಿದ್ಯಾರ್ಥಿಗಳೇ ಹೇಳಿದರು. ಹಾಸಿಗೆಯ ಮೇಲೆ ಮಲಗಿ ನಿಜವಾದ ಫ್ಯಾನನ್ನು ನೋಡುತ್ತಿರುವ ರೋಗಿಯ ಬಾಗಿಲಾಚೆ ಈ ಚಿತ್ರವಿರುವುದು ಕ್ರೌರ್ಯವಾಗುತ್ತದೆ ಎಂಬ ಅವರ ಕಾರಣವನ್ನು ಆಸ್ಪತ್ರೆಯವರು ಒಪ್ಪಿದರು. ಕುಳಿತವರ ನೋಟದ ಪೋಸ್ಟರ್ ಹೊರರೋಗಿ ವಿಭಾಗದ ನಿರೀಕ್ಷಣಾ ಸ್ಥಳದಲ್ಲಿ, ಕಾಯುತ್ತಿರುವ ಬಂಧುಗಳ ಕಣ್ಣಿಗೆ ಬೀಳುವಂತೆ ಹೋಯಿತು.

ಚಿತ್ರಕಾರ ತನ್ನ ಅಂತಿಮ ವರದಿಯಲ್ಲಿ ಭಿನ್ನಾಭಿಪ್ರಾಯವನ್ನು ದಾಖಲಿಸಿದ್ದಾನೆ. ಅಜ್ಜಿಯ ಕಣ್ಣಿನ ಚಿತ್ರದ ಕೆಳಗೆ ‘ಇದು ಹೀಗೆ ಆಗುವುದಿಲ್ಲ’ ಎಂದು ಬರೆದು, ತಪ್ಪು ನಂಬಿಕೆಯನ್ನು ಎದುರಿಗೆ ತಂದೇ ಒಡೆಯಬಹುದಿತ್ತು ಎಂಬುದು ಅವನ ನಿಲುವು. ಅದು ಯೋಚಿಸಬೇಕಾದ ಮಾತು ಎಂದು ನಾನು ಅಂಚಿನಲ್ಲಿ ಬರೆದು, ನನ್ನ ಅನುಮಾನವನ್ನೂ ಸೇರಿಸಿದೆ. ಹಳೇ ಪೇಟೆಯ ಆ ಮನೆಯಲ್ಲಿ ಅತ್ತೆ ಎದ್ದು ಒಳಗೆ ಹೋದದ್ದು ಚಿತ್ರವನ್ನಷ್ಟೇ ನೋಡಿ. ಕೆಳಗಿನ ಸಾಲನ್ನು ಅವರು ಓದಿರಲಿಲ್ಲ.